ಥಿಂಗ್ ಎಂಬ ಸಂಗತಿ

ಪ್ರೀತಿಯ ಗೆಳೆಯಾ,

ಓಸ್ಲೋದಿಂದ ನೀನು ಕಳಿಸಿದ ಫೋಟೋ ನೋಡಿದೆ. ಹಳದಿ ಇಟ್ಟಿಗೆಯ ಸಂಸತ್ ಭವನ, ಮುಂದೆ ಕಲ್ಲಿನ ಸಿಂಹ. "ಇದರ ಹೆಸರು ಸ್ಟೂರ್‌ಟಿಂಗ್. ಸ್ಟೂರ್ ಅಂದರೆ ದೊಡ್ಡದು, ಟಿಂಗ್ ಅಂದರೆ ವಸ್ತು. ಸಂಸತ್ತಿಗೆ ಯಾರಾದರೂ ದೊಡ್ಡ ವಸ್ತು ಅಂತ ಹೆಸರಿಡುತ್ತಾರಾ?" ಅಂತ ಕೇಳಿದ್ದೆ. ಆ ಪ್ರಶ್ನೆ ನನ್ನನ್ನು ವಾರವಿಡೀ ಹಿಡಿದುಕೊಂಡಿತು ಕಣೋ.

ವಸ್ತು ಅನ್ನುವ ಅರ್ಥ ಆಮೇಲೆ ಬಂದದ್ದು. ಮೊದಲು ಥಿಂಗ್ (ಟಿಂಗ್‌ನ ಹಳೆಯ ರೂಪ) ಅಂದರೆ ಜನ ಒಂದೆಡೆ ಸೇರಿ ವ್ಯಾಜ್ಯ ಬಗೆಹರಿಸುವ ಸಭೆ. ಸಭೆಗೆ ಬಂದ ವ್ಯಾಜ್ಯಕ್ಕೂ ಅದೇ ಹೆಸರು ಅಂಟಿಕೊಂಡಿತು. ಅಲ್ಲಿಂದ ಯಾವುದೇ ವಿಷಯಕ್ಕೆ, ಕೊನೆಗೆ ಕೈಯಲ್ಲಿ ಹಿಡಿಯುವ ವಸ್ತುವಿಗೆ. ಇಂಗ್ಲಿಷಿನ ಥಿಂಗ್, ಜರ್ಮನ್ನಿನ ಡಿಂಗ್ ಎರಡೂ ಸಭೆಯನ್ನು ಹೆಚ್ಚುಕಡಿಮೆ ಮರೆತೇಬಿಟ್ಟವು. ನಿನ್ನ ನಾರ್ವೆಯವರು ಮರೆತಿಲ್ಲ: ವಸ್ತುವಾದರೆ 'ಎನ್ ಟಿಂಗ್', ಸಭೆಯಾದರೆ 'ಎಟ್ ಟಿಂಗ್'. ಲಿಂಗ ಬದಲಾದರೆ ಅರ್ಥವೂ ಬದಲು! ಸ್ವೀಡನ್ನಿನ ಜಿಲ್ಲಾ ಕೋರ್ಟಿನ ಹೆಸರಲ್ಲೂ, ಡೆನ್ಮಾರ್ಕಿನ ಸಂಸತ್ತಿನ ಹೆಸರಲ್ಲೂ ಅದೇ ಟಿಂಗ್ ಇದೆ.

ನನಗೆ ಜಾಸ್ತಿ ಹಿಡಿಸಿದ್ದು ಐಸ್‌ಲ್ಯಾಂಡಿನ ಕಥೆ. ಸುಮಾರು 930ರಲ್ಲಿ ಅಲ್ಲಿನ ಜನ ಥಿಂಗ್‌ವೆಟ್ಲಿರ್ ಎಂಬ ಬಯಲಿನಲ್ಲಿ ಸೇರಿ ಆಲ್‌ಥಿಂಗ್ ಎಂಬ ಇಡೀ ನಾಡಿನ ಸಭೆ ಶುರು ಮಾಡಿದರು. ಥಿಂಗ್‌ವೆಟ್ಲಿರ್ ಅಂದರೇ ಸಭೆಯ ಬಯಲು. ಕಟ್ಟಡವಿಲ್ಲ, ಛಾವಣಿಯಿಲ್ಲ. ಪ್ರತಿ ಬೇಸಿಗೆ ದೂರದೂರದಿಂದ ಕುದುರೆಯೇರಿ ಬಂದು ಬಿಡಾರ ಹೂಡುತ್ತಿದ್ದರು. ಆಗ ಕಾನೂನು ಬರಹದಲ್ಲಿ ಇರಲಿಲ್ಲ. ಒಬ್ಬನ ನೆನಪಿನಲ್ಲಿತ್ತು. ಆತ ಬಂಡೆಯ ಬಳಿ ನಿಂತು ವರ್ಷಕ್ಕೆ ಮೂರನೇ ಒಂದು ಭಾಗದಂತೆ ಗಟ್ಟಿಯಾಗಿ ಹೇಳುತ್ತಿದ್ದ. ಮೂರು ಬೇಸಿಗೆ ಕಳೆಯುವಷ್ಟರಲ್ಲಿ ನಾಡಿನ ಕಾನೂನೆಲ್ಲ ಜನರ ಕಿವಿಗೆ ಬಿದ್ದಿರುತ್ತಿತ್ತು. ಇದನ್ನು ಓದಿ ಮೈ ಜುಮ್ಮೆಂದಿತು.

ವೈಕಿಂಗರು ನೆಲೆಸಿದಲ್ಲೆಲ್ಲ ಈ ಪದವೂ ನೆಲೆಸಿತು. ಸ್ಕಾಟ್ಲೆಂಡಿನ ಡಿಂಗ್‌ವಾಲ್ ಎಂಬ ಊರು, ಮ್ಯಾನ್ ದ್ವೀಪದ ಸಂಸತ್ತು ಟಿನ್‌ವಾಲ್ಡ್, ಎರಡೂ ಅದೇ ಸಭೆಯ ಬಯಲು.

ಇಷ್ಟೆಲ್ಲ ಓದುವಾಗ ತಟ್ಟನೆ ಹೊಳೆದದ್ದು ನಮ್ಮ 'ಸಂಗತಿ'. 'ಸಂ' ಅಂದರೆ ಒಟ್ಟಿಗೆ, 'ಗತಿ' ಅಂದರೆ ಹೋಗುವುದು. ಸಂಸ್ಕೃತದಲ್ಲಿ ಅದು ಕೂಡುವಿಕೆ, ಭೇಟಿ. ಕನ್ನಡದಲ್ಲಿ ನಾವು "ಒಂದು ಸಂಗತಿ ಹೇಳ್ತೀನಿ ಕೇಳು" ಅನ್ನುತ್ತೇವೆ. ಥಿಂಗ್ ಪದಕ್ಕೂ ಈ ಪದಕ್ಕೂ ಸಂಬಂಧವಿಲ್ಲ. ಆದರೂ ಕೂಡುವುದರಿಂದ ಹೊರಟು ವಿಷಯಕ್ಕೆ ಬಂದು ನಿಂತ ದಾರಿ ಒಂದೇ, ಅಲ್ವಾ? ದಿನಕ್ಕೆ ಹತ್ತು ಸಲ ಆಡುವ ಮಾತು, ಇಷ್ಟು ವರ್ಷ ಸುಮ್ನೆ ಆಡಿಕೊಂಡು ಬಂದಿದ್ದೆ.

ಬೇಸಿಗೆಯಲ್ಲಿ ಐಸ್‌ಲ್ಯಾಂಡಿಗೆ ಹೋಗುತ್ತೇನೆ ಅಂದಿದ್ದೆಯಲ್ಲ. ಆ ಬಂಡೆಯ ಜಾಗ ಇದೇ ಇರಬೇಕು ಅಂತ ಅಲ್ಲೊಂದು ಬಾವುಟದ ಕಂಬ ನೆಟ್ಟಿದ್ದಾರೆ. ಅದರ ಪಕ್ಕ ನಿಂತು ಕನ್ನಡದಲ್ಲಿ ನಾಲ್ಕು ಮಾತು ಗಟ್ಟಿಯಾಗಿ ಹೇಳಿ, ರೆಕಾರ್ಡ್ ಮಾಡಿ ಕಳಿಸು. ನಿನ್ನ ದನಿ ಆ ಬಯಲಿನಲ್ಲಿ ಹೇಗೆ ಕೇಳುತ್ತದೆ ಅಂತ ನನಗೆ ಕೇಳಬೇಕು.

ನಿನ್ನ ಗೆಳೆಯ