ಲಾಟ್ವಿಯಾದ ರೀಗಾಕ್ಕೆ ಹೊರಟ ಮಗಳಿಗೆ

ಪುಟ್ಟಿ,

ರಾತ್ರಿ ನೀನು ಬಾಗಿಲು ಹಾಕಿಕೊಂಡ ಮೇಲೆ ನನಗೂ ನಿದ್ದೆ ಹತ್ತಲಿಲ್ಲ. ಈಗ ಫಸ್ಟ್ ಶಿಫ್ಟ್‌ಗೆ ಹೊರಡಬೇಕು. ಎದುರು ಕೂತು ಹೇಳಿದರೆ ಮತ್ತೆ ದನಿ ಏರುತ್ತದೆ, ನಿಮ್ಮಪ್ಪ ಮತ್ತೆ ಟಿವಿ ಸೌಂಡ್ ಜಾಸ್ತಿ ಮಾಡುತ್ತಾರೆ. ಅದಕ್ಕೇ ಬರೆದಿಟ್ಟು ಹೋಗುತ್ತಿದ್ದೇನೆ. ಜಗಳ ಯಾಕೆ ಶುರುವಾಯಿತು ಅನ್ನೋದು ಬೇಡ. 2017ರಲ್ಲಿ ಕಂಠೀರವ ಸ್ಟೇಡಿಯಂನಲ್ಲಿ ನಮ್ಮ ದೇಶದ ಹುಡುಗಿಯರು ಬ್ಯಾಸ್ಕೆಟ್‌ಬಾಲಲ್ಲಿ ಕಜಕಸ್ತಾನದ ಮೇಲೆ ಎರಡೇ ಪಾಯಿಂಟಲ್ಲಿ ಗೆದ್ದ ರಾತ್ರಿಯೂ ಬೇಡ, ಅದು ನಿನಗೇ ಗೊತ್ತು. 'ಬ್ಯಾಸ್ಕೆಟ್‌ಬಾಲ್ ಮುಗಿದ ಕಥೆ ಅಮ್ಮ, ಅಲ್ಲಿ ನನ್ನನ್ನ ಯಾರು ಕೇಳ್ತಾರೆ' ಅಂದೆಯಲ್ಲ, ಅದಕ್ಕೆ ಮಾತ್ರ ಉತ್ತರ.

ನಿನಗೆ ಸೀಟು ಸಿಕ್ಕ ದಿನ ಎಲ್ಲರೂ ಫೀಸು, ಚಳಿ, ಊಟ ಅಂತ ತಲೆ ಕೆಡಿಸಿಕೊಂಡಿದ್ದರು. ನಾನು ಮೊಬೈಲಲ್ಲಿ ಹುಡುಕಿದ್ದು ರೀಗಾದಲ್ಲಿ ಯಾವ ಬಸ್ ಓಡುತ್ತದೆ ಅಂತ. ಕಂಡಕ್ಟರ್ ಬುದ್ಧಿ, ಏನು ಮಾಡೋದು. ಟ್ರಾಮ್ ಇದೆಯಂತೆ, ಮೇಲಿನ ಕರೆಂಟ್ ತಂತಿ ಹಿಡಿದು ಓಡುವ ಟ್ರಾಲಿಬಸ್ಸೂ ಇದೆಯಂತೆ. ಅದನ್ನೇ ನೋಡುತ್ತಾ ಹೋದರೆ ಒಂದು ಬ್ಯಾಸ್ಕೆಟ್‌ಬಾಲ್ ಟೀಮ್ ಸಿಕ್ಕಿತು. ಟಿಟಿಟಿ ರೀಗಾ. 1958ರಲ್ಲಿ ಶುರುವಾದ ಹೆಂಗಸರ ಕ್ಲಬ್. ಊರಿನ ಟ್ರಾಮು, ಟ್ರಾಲಿಬಸ್ಸು ಓಡಿಸುತ್ತಿದ್ದ ಸಂಸ್ಥೆಯ ಟೀಮ್, ಆ ಸಂಸ್ಥೆಯ ಹೆಸರೇ ಟೀಮಿಗೂ. ನಮ್ಮ ಬಿಎಂಟಿಸಿಯ ಹೆಂಗಸರ ಟೀಮ್ ಹೋಗಿ ಇಡೀ ಏಷ್ಯಾದ ಕಪ್ ಹೊತ್ತು ತಂದ ಹಾಗೆ ಅಂದುಕೋ! ಆಡಿದವರು ಬೆಳಿಗ್ಗೆ ಟಿಕೆಟ್ ಹರಿಯುತ್ತಿದ್ದರು ಅಂತ ನಾನು ಹೇಳುತ್ತಿಲ್ಲ, ನಗಬೇಡ. ಆದರೂ ನಮ್ಮವರು ಅಂತ ಅನ್ನಿಸಿತು.

ಶುರುವಾಗಿ ಎರಡೇ ವರ್ಷಕ್ಕೆ, 1960ರಲ್ಲಿ, ಯುರೋಪಿನ ಚಾಂಪಿಯನ್ ಕ್ಲಬ್‌ಗಳ ಕಪ್ ಗೆದ್ದರು. 61, 62ರಲ್ಲೂ ಅವರೇ. 63ರಲ್ಲಿ ಬಲ್ಗೇರಿಯಾದ ಸ್ಲಾವಿಯಾ ಸೋಫಿಯಾ ಕಿತ್ತುಕೊಂಡಿತು. ಇವರು ಸುಮ್ನೆ ಕೂರಲಿಲ್ಲ ಕಣೇ, 1964ರಿಂದ 1975ರವರೆಗೆ ಒಂದು ವರ್ಷವೂ ಬಿಡದೆ ಸತತ 12 ಸಲ ಗೆದ್ದರು. 1982ರ ಹೊತ್ತಿಗೆ ಒಟ್ಟು 18. ಲಾಟ್ವಿಯಾ ಆಗ ಸೋವಿಯತ್ ಒಕ್ಕೂಟದ ಒಳಗಿತ್ತು. ಮಾಸ್ಕೋ, ಲೆನಿನ್‌ಗ್ರಾಡ್ ಟೀಮ್‌ಗಳೆಲ್ಲ ಇದ್ದ ಅಷ್ಟು ದೊಡ್ಡ ದೇಶದ ಚಾಂಪಿಯನ್ ಪಟ್ಟವೂ 21 ಸಲ ಈ ಟ್ರಾಮಿನವರಿಗೇ. ಆ ಕ್ಲಬ್ ಇವತ್ತಿಗೂ ಆಡುತ್ತಿದೆ, ನೀನು ಹೋಗುತ್ತಿರುವ ಊರಲ್ಲೇ.

ನನ್ನ ತಲೆಯಲ್ಲಿ ಕೂತುಬಿಟ್ಟಿರುವುದು ಮಾತ್ರ ಕಪ್ಪುಗಳಲ್ಲ, ಆ ಟೀಮಿನ ಉಲ್ಯಾನಾ ಸೆಮ್ಯೋನೊವಾ. ಹಳ್ಳಿ ಹುಡುಗಿ. ಹದಿವಯಸ್ಸಲ್ಲೇ ಆಡಲು ರೀಗಾಕ್ಕೆ ಬಂದವಳು. ಎತ್ತರ ಎಷ್ಟು ಗೊತ್ತಾ, ಸುಮಾರು ಏಳು ಅಡಿ! ಒಲಿಂಪಿಕ್ಸಿಗೆ ಹೆಂಗಸರ ಬ್ಯಾಸ್ಕೆಟ್‌ಬಾಲ್ ಬಂದಿದ್ದೇ 1976ರಲ್ಲಿ, ಆ ಸಲವೇ ಇವಳಿದ್ದ ಸೋವಿಯತ್ ಟೀಮ್ ಅಮೆರಿಕವನ್ನು 112-77ರಲ್ಲಿ ಸೋಲಿಸಿ ಚಿನ್ನ ತಂದಿತು, 1980ರಲ್ಲೂ ಚಿನ್ನವೇ. 1993ರಲ್ಲಿ ಅದೇ ಅಮೆರಿಕದವರು ಕರೆದು ಬ್ಯಾಸ್ಕೆಟ್‌ಬಾಲಿನ ದೊಡ್ಡ ದೊಡ್ಡವರ ಹೆಸರಿರುವ ತಮ್ಮ ಹಾಲ್ ಆಫ್ ಫೇಮ್‌ಗೆ ಸೇರಿಸಿಕೊಂಡರು. ಅವಳ ಹಳೇ ಫೋಟೋಗಳನ್ನು ಡಿಪೋದಲ್ಲಿ ಕೂತು ಬೆರಳಲ್ಲಿ ದೊಡ್ಡದು ಮಾಡಿ ಮಾಡಿ ನೋಡಿದೆ. ಪಕ್ಕದವರು ಅವಳ ಭುಜಕ್ಕೂ ಬರುವುದಿಲ್ಲ. ಅವಳು ನೆಟ್ಟಗೆ ನಿಂತಿದ್ದಾಳೆ.

ನೀನು ಬಗ್ಗಿ ನಿಲ್ಲುತ್ತೀಯ. ಎಂಟನೇ ಕ್ಲಾಸಿಂದ ನೋಡುತ್ತಿದ್ದೇನೆ. ನನ್ನ ರೂಟಿನ ಬಸ್ಸಲ್ಲೇ ಸ್ಕೂಲಿಗೆ ಬರುತ್ತಿದ್ದೆಯಲ್ಲ, ಹಿಂದಿನ ಬಾಗಿಲ ಹತ್ತಿರ ನಿಂತು, ತಲೆ ಎಲ್ಲೂ ತಾಗದಿದ್ದರೂ ಕತ್ತು ಬಗ್ಗಿಸಿ, ಒಂದು ಮಂಡಿ ಮಡಚಿ, ಬ್ಯಾಗನ್ನು ಎದೆಗೆ ಒತ್ತಿಕೊಂಡು. ಪಕ್ಕದ ಹುಡುಗಿಯರ ಮಟ್ಟಕ್ಕೆ ಇಳಿಯಬೇಕು ಅಂತ. ನಾನು ಟಿಕೆಟ್ ಕೊಡುತ್ತಾ ಮುಂದಿನಿಂದ ನೋಡುತ್ತಿದ್ದೆ. ಕೋರ್ಟಲ್ಲಿ ಮಾತ್ರ ನಿನ್ನ ಬೆನ್ನು ನೆಟ್ಟಗಾಗುತ್ತಿತ್ತು. ರೀಬೌಂಡ್‌ಗೆ ಎಗರುವಾಗ ಎರಡೂ ಕೈ ಪೂರ್ತಿ ಚಾಚುತ್ತಿದ್ದೆ, ಇಡೀ ದಿನದಲ್ಲಿ ಅಷ್ಟು ಹೊತ್ತು ಮಾತ್ರ. ಹೋದ ತಿಂಗಳು ಛತ್ರದಲ್ಲಿ ನಿಮ್ಮ ಸೋದರತ್ತೆ 'ಇವಳಿಗೆ ಗಂಡು ಹುಡುಕೋಕೆ ಏಣಿ ಬೇಕು' ಅಂದಾಗ ನೀನೂ ನಕ್ಕೆ. ಆಮೇಲೆ ಫೋಟೋಗೆ ನಿಲ್ಲುವಾಗ ಚಪ್ಪಲಿ ಬಿಟ್ಟು ಬಂದು, ಹಿಂದಿನ ಸಾಲಲ್ಲಿ ಮತ್ತೆ ಅದೇ ಮಂಡಿ ಮಡಚಿ ನಿಂತೆ. ಆ ಫೋಟೋ ನನಗೆ ನೋಡೋಕಾಗಲ್ಲ.

ನನ್ನ ಹೆದರಿಕೆ ಇಷ್ಟೇ. ಚಳಿ ಅಲ್ಲ, ದುಡ್ಡಲ್ಲ. ಆಟ ಬಿಟ್ಟರೆ ನೀನು ಪೂರ್ತಿ ಬಗ್ಗಿಬಿಡುತ್ತೀಯ ಅಂತ. ಅದಕ್ಕೇ ಹೇಳುವುದು, ಕಾಲೇಜಲ್ಲಿ ಟೀಮ್ ಇದ್ದರೆ ಹೋಗಿ ಕೇಳು, ಅವರೇ ಕರೆಯಲಿ ಅಂತ ಕಾಯಬೇಡ. ಬೆಂಚಲ್ಲಿ ಕೂರಿಸಿದರೆ ಕೂರು. ಬೆಳಿಗ್ಗೆ ತಿಂಡಿ ಬಿಡಬೇಡ. ರಾತ್ರಿ ಎರಡರವರೆಗೆ ಮೊಬೈಲ್ ಬೇಡ. ಬರೀ ಬ್ರೆಡ್ ತಿಂದು ಮೂಳೆ ಸವೆಸಿಕೊಳ್ಳಬೇಡ. ನೋಡು, ಭಾಷಣ ಬೇಡ ಅಂತಲೇ ಬರೆಯೋಕೆ ಕೂತಿದ್ದು.

ನಿನ್ನೆ ನಿನ್ನ ಕೋಚಿಂಗ್ ಫೀಸಿನ ಮಾತು ತೆಗೆದಿದ್ದು ಸಿಟ್ಟಲ್ಲಿ. ಸಾರಿ ಕಣೇ. ಆದರೆ ನೀನು ಬಾಗಿಲು ಅಷ್ಟು ಜೋರಾಗಿ ಬಡಿಯಬಾರದಿತ್ತು, ಕೆಳಗಿನ ಮನೆಯವರು ಏನಂದುಕೊಂಡಿರಬೇಕು. ಡಿಪೋದಲ್ಲಿ ಎಲ್ಲರಿಗೂ ಹೇಳಿದ್ದೇನೆ, ಮಗಳು ಲಾಟ್ವಿಯಾಕ್ಕೆ ಹೋಗುತ್ತಿದ್ದಾಳೆ ಅಂತ. ಅದು ಎಲ್ಲಿದೆ ಅಂತ ಒಬ್ಬರಿಗೂ ಗೊತ್ತಿಲ್ಲ, ನಾನೇ ಮ್ಯಾಪಲ್ಲಿ ತೋರಿಸುತ್ತೇನೆ.

ಇನ್ನೊಂದು ವಿಷಯ. ಭಾನುವಾರ ಏರ್‌ಪೋರ್ಟಿಗೆ ಕ್ಯಾಬ್ ಬುಕ್ ಮಾಡಬೇಡ. ನಮ್ಮ ವಾಯು ವಜ್ರ ಬಸ್ಸಲ್ಲೇ ಹೋಗೋಣ, ಎರಡು ಸೂಟ್‌ಕೇಸ್ ಆರಾಮಾಗಿ ಹಿಡಿಸುತ್ತದೆ. ಫ್ರಿಜ್ಜಲ್ಲಿ ದೋಸೆ ಹಿಟ್ಟಿದೆ. ಮೂರು ಗಂಟೆಗೆ ಬರುತ್ತೇನೆ.

ಅಮ್ಮ