ಟೋಕಿಯೊ ಪ್ರಯಾಣದ ಟ್ರಿಪ್ ಶೀಟ್ ಬದಲಾಗುತ್ತಿದೆ

ಆತ್ಮೀಯ ಗ್ರಾಹಕರೇ, ನಮಸ್ಕಾರ.

ಮುಂದಿನ ತಿಂಗಳ 1ನೇ ತಾರೀಖಿನಿಂದ ನಾವು ಕೊಡುವ ಟ್ರಿಪ್ ಶೀಟ್ ಬೇರೆ ರೀತಿ ಇರುತ್ತದೆ. ಇಷ್ಟು ದಿನ ದೂರ ಇಷ್ಟು, ಹಾರಾಟ ಇಷ್ಟು ಗಂಟೆ ಅಂತ ಒಂದೇ ಸಾಲು ಇರುತ್ತಿತ್ತು. ಇನ್ನು ಮೇಲೆ ಹೋಗುವ ಹೊತ್ತು ಬೇರೆ, ಬರುವ ಹೊತ್ತು ಬೇರೆ. ಮೈಸೂರಿನ ನಿಮ್ಮ ಮನೆ ಮುಂದೆ ಕಾರು ಎಷ್ಟು ಗಂಟೆಗೆ ನಿಲ್ಲುತ್ತದೆ ಅನ್ನುವುದೂ ಅದರಲ್ಲೇ ಇರುತ್ತದೆ.

ಮಗಳ ಬಾಣಂತನಕ್ಕೋ, ಮೊಮ್ಮಕ್ಕಳನ್ನು ನೋಡಲಿಕ್ಕೋ ಬೆಂಗಳೂರಿನಿಂದ ಟೋಕಿಯೊಗೆ ಹೋಗುವ ಹಿರಿಯರು ನಮ್ಮಲ್ಲಿ ಈಗ ಜಾಸ್ತಿ. ಟಿಕೆಟ್ ಕೈಗೆ ಬಂದ ತಕ್ಷಣ ಅವರ ಪ್ರಶ್ನೆ ಒಂದೇ: "ಹೋಗೋಕೆ ಹನ್ನೊಂದೂವರೆ ಗಂಟೆ, ಬರೋಕೆ ಬರೀ ಆರೂವರೆನಾ?" ನಿಜ ಇದಕ್ಕೆ ಉಲ್ಟಾ. ಟಿಕೆಟ್‌ನಲ್ಲಿ ಅಚ್ಚಾಗುವುದು ಆಯಾ ಊರಿನ ಗಡಿಯಾರದ ಸಮಯ, ಟೋಕಿಯೊ ನಮಗಿಂತ 3 ಗಂಟೆ 30 ನಿಮಿಷ ಮುಂದಿದೆ. ಬೆಂಗಳೂರಿನಿಂದ ಬೆಳಗಿನ ಜಾವ 3ಕ್ಕೆ ಹೊರಟು 8 ಗಂಟೆ ಹಾರಿದರೆ ನಮ್ಮಲ್ಲಿ ಬೆಳಿಗ್ಗೆ 11, ಅಲ್ಲಿ ಮಧ್ಯಾಹ್ನ 2.30. ವಾಪಸ್ ಬರುವಾಗ ಅಲ್ಲಿ ಸಂಜೆ 6ಕ್ಕೆ ಹತ್ತಿ 10 ಗಂಟೆ ಹಾರಿದರೂ ಇಲ್ಲಿ ಇಳಿಯುವುದು ರಾತ್ರಿ 12.30ಕ್ಕೆ. ಅಷ್ಟರಲ್ಲಿ ತಾರೀಖು ಬದಲಾಗಿರುತ್ತದೆ. ಕಾರು ಮಾತ್ರ ಹಿಂದಿನ ದಿನ ಸಂಜೆಯೇ ಮೈಸೂರು ಬಿಡಬೇಕು. ನಮ್ಮ ಆಫೀಸಿನಲ್ಲಿ ತಲೆ ಕೆರೆದುಕೊಳ್ಳುವುದು ಇಲ್ಲೇ.

ಒಂದೇ ದಾರಿಗೆ ಬರುವಾಗ ಎರಡು ಗಂಟೆ ಜಾಸ್ತಿ ಯಾಕೆ? ಎರಡೂ ಊರಿನ ನಡುವೆ ನೇರವಾಗಿ ಸುಮಾರು 6,700 ಕಿ.ಮೀ. ಜಪಾನಿನ ಮೇಲೆ ಬಹಳ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೋರು ಗಾಳಿ ಬೀಸುತ್ತದೆ, ಅದೇ ಜೆಟ್ ಸ್ಟ್ರೀಮ್. ಹೋಗುವಾಗ ಅದು ವಿಮಾನದ ಬೆನ್ನಿಗೆ, ಬರುವಾಗ ಮುಖಕ್ಕೆ. ಚಳಿಗಾಲದಲ್ಲಿ ಅದರ ಅಬ್ಬರ ಹೆಚ್ಚು, ಬೇಸಿಗೆಯಲ್ಲಿ ಕಡಿಮೆ. ಆದ್ದರಿಂದ ಶೀಟ್‌ನಲ್ಲಿ ತಿಂಗಳಿಗೆ ತಕ್ಕಂತೆ ಸಮಯ ಬದಲಾದರೆ ಗಾಬರಿ ಬೇಡ. ಅಂದಹಾಗೆ, ಈ ಗಾಳಿಯನ್ನು 1920ರ ದಶಕದಲ್ಲೇ ಬಲೂನು ಹಾರಿಸಿ ಅಳೆದವರು ಜಪಾನಿನ ವಾಸಾಬುರೊ ಒಯಿಶಿ. ವರದಿಯನ್ನು ಎಸ್ಪೆರಾಂಟೊ ಅನ್ನುವ ಕೃತಕ ಭಾಷೆಯಲ್ಲಿ ಬರೆದರು, ಹೊರಗಿನವರು ಓದಿದ್ದು ಕಡಿಮೆ!

ಇನ್ನು ಮೈಸೂರಿನ ಲೆಕ್ಕ. ವಿಮಾನ ಹೊರಡುವ 8 ಗಂಟೆ ಮುಂಚೆ ಕಾರು ನಿಮ್ಮ ಮನೆ ಬಿಡುತ್ತದೆ. ದೇವನಹಳ್ಳಿ ತಲುಪಲು ನಾಲ್ಕು ಗಂಟೆ, ಚೆಕ್-ಇನ್‌ಗೆ ಮೂರು, ಉಳಿದ ಒಂದು ಗಂಟೆ ಹೆಬ್ಬಾಳದ ಟ್ರಾಫಿಕ್‌ಗೆ. ಎಕ್ಸ್‌ಪ್ರೆಸ್‌ವೇ ಇದೆಯಲ್ಲ, ಇಷ್ಟು ಬೇಗ ಯಾಕೆ ಅಂತ ಕೇಳುತ್ತೀರಿ. ಅದು ಬೆಂಗಳೂರಿನ ಈ ಕಡೆ ತನಕ ಮಾತ್ರ ಅಲ್ವಾ? ಊರು ದಾಟಿ ಆ ತುದಿಗೆ ಹೋಗಬೇಕು. ದಸರಾ ಸಮಯದಲ್ಲಿ ಇನ್ನೂ ಒಂದು ಗಂಟೆ ಮುಂಚೆ ಬರುತ್ತೇವೆ. ಡ್ರೈವರ್ ಸೀದಾ ಟರ್ಮಿನಲ್ 2ಕ್ಕೇ ಬಿಡುತ್ತಾರೆ.

ಬಾಡಿಗೆಯಲ್ಲಿ ಬದಲಾವಣೆ ಇಲ್ಲ. ಈಗಾಗಲೇ ಟಿಕೆಟ್ ತೆಗೆಸಿದವರು ಅದರ ಫೋಟೊ ವಾಟ್ಸಾಪ್ ಮಾಡಿ, ಹೊಸ ಶೀಟ್ ಕಳಿಸುತ್ತೇವೆ. ದೊಡ್ಡ ಅಕ್ಷರದಲ್ಲಿ ಬೇಕೆಂದರೆ ಆಫೀಸಿಗೆ ಬನ್ನಿ, ಪ್ರಿಂಟ್ ಕೊಡುತ್ತೇವೆ.

ಇಂತಿ,
ನಿಮ್ಮ ಟ್ರಾವೆಲ್ಸ್ ಬಳಗ
ಸರಸ್ವತಿಪುರಂ, ಮೈಸೂರು