ಮಸ್ಟರ್ ರೋಲ್‌ನಲ್ಲಿ ನನ್ನ ಅಕ್ಷರ

ಮಂಡ್ಯ, ಭಾನುವಾರ ರಾತ್ರಿ

ಅಳಿಯನಿಗೆ ಮಾವನ ಆಶೀರ್ವಾದ.

ಬೇರೆಯದೆಲ್ಲ ನಿಮ್ಮಮ್ಮ ಫೋನಿನಲ್ಲಿ ಹೇಳಿದ್ದಳು. ಆದರೆ ನಿನ್ನ ಕಾಗದದಲ್ಲಿ, "ಕಟ್ಟಡದ ಸಾರುವೆಯಿಂದ ಬಿದ್ದವನನ್ನು ಅಪಘಾತದ ರಿಜಿಸ್ಟರಿಗೆ ಹತ್ತಿಸಬೇಡ, ಬೈಕಿನಿಂದ ಬಿದ್ದ ಅಂತ ಬರಿ ಅಂದರು. ನಿಜ ಬರೆದರೆ ನನ್ನ ಕೆಲಸ ಹೋಗುತ್ತೆ ಮಾವ" ಅಂದಿದ್ದೀಯಲ್ಲ, ಅದನ್ನು ಓದಿದ ಮೇಲೆ ನನಗೆ ನಿದ್ದೆ ಹತ್ತಿಲ್ಲ.

1987ರಲ್ಲಿ ನಾನು ನಾಲೆ ಕೆಲಸದ ಕಂಟ್ರಾಕ್ಟರ್ ಹತ್ತಿರ ರೈಟರ್ ಆಗಿದ್ದೆ. ಮಸ್ಟರ್ ರೋಲ್, ಅಂದರೆ ಕೂಲಿಯವರ ಹಾಜರಿ ಪುಸ್ತಕ, ನನ್ನ ಕೈಲಿ. ಒಂದು ಸಂಜೆ ಸೆಂಟ್ರಿಂಗ್‌ನವನೊಬ್ಬ ಹಲಗೆ ಜಾರಿ ಬಿದ್ದ. ಸೊಂಟ ಹೋಯಿತು. "ಇವತ್ತು ಅವನು ಬಂದೇ ಇಲ್ಲ ಅಂತ ಹಾಕು" ಅಂದರು. ಹಾಕಿದೆ. ನನಗೂ ಕೆಲಸದ ಭಯವೇ. ನಿಮ್ಮತ್ತೆ ಆಗ ಬಸುರಿ.

ಆರು ತಿಂಗಳಿಗೆ ಅವನ ಹೆಂಡತಿ ಪರಿಹಾರ ಕೇಳಿಕೊಂಡು ಬಂದಳು. ಕೆಲಸದಲ್ಲಿದ್ದಾಗ ಆದ ಗಾಯಕ್ಕೆ ಮಾಲೀಕ ಪರಿಹಾರ ಕೊಡಬೇಕು ಅಂತ 1923ರಿಂದಲೂ ಕಾಯ್ದೆ ಇತ್ತು. ಆದರೆ ಪುಸ್ತಕದ ಪ್ರಕಾರ ಅವನು ಆ ದಿನ ಸೈಟಿನಲ್ಲೇ ಇರಲಿಲ್ಲ. ಆಕೆಗೆ ಓದು ಬರುತ್ತಿರಲಿಲ್ಲ. ಸುಮ್ನೆ ಆ ಪುಟವನ್ನೇ ನೋಡುತ್ತಾ ನಿಂತಿದ್ದಳು. ನಾನು ಬಾಯಿ ಬಿಡಲಿಲ್ಲ. ಅವರು ಊರು ಬಿಟ್ಟರಂತೆ. ನಾನು ಹುಡುಕಲೂ ಇಲ್ಲ.

ಕೆಲಸ ಹೋಗುತ್ತೆ ಅನ್ನೋ ನಿನ್ನ ಭಯ ಸುಳ್ಳಲ್ಲ. ಹೋದರೂ ಹೋಗಬಹುದು. ನಿನ್ನ ಸಾಲದ ಕಂತು ನಾನು ಕಟ್ಟಲಾರೆ, ಅದಕ್ಕೇ ಜೋರಾಗಿ ಹೇಳಲು ನಾಲಿಗೆ ಏಳಲ್ಲ.

ಗಾಯದಿಂದ 48 ಗಂಟೆ ಅಥವಾ ಅದಕ್ಕಿಂತ ಜಾಸ್ತಿ ಕೆಲಸ ಮಾಡಲಾಗದಿದ್ದರೆ ಕಾರ್ಮಿಕ ಇಲಾಖೆಗೆ ತಿಳಿಸಬೇಕು ಅಂತ 1996ರ ಕಟ್ಟಡ ಕಾರ್ಮಿಕರ ಕಾಯ್ದೆಯಲ್ಲೇ ಇತ್ತು. ಅದರ ಬದಲಿಗೆ ಬಂದ 2020ರ ಕೆಲಸದ ಸುರಕ್ಷತೆಯ ಸಂಹಿತೆಯಲ್ಲೂ ಇದೆ. ನಿನಗೆ ಗೊತ್ತಿರುತ್ತೆ, ಆದರೂ ಹೇಳಿದೆ. ತಿಳಿಸುವ ಹೊಣೆ ಮಾಲೀಕರದು. ನೀನು ಅವರಿಗೆ ಒಂದು ಮೇಲ್ ಹಾಕಿಬಿಟ್ಟರೆ ಹೇಗೆ? ಎಷ್ಟು ಹೊತ್ತಿಗೆ ಬಿದ್ದ, ಎಷ್ಟು ಎತ್ತರ, ಬೆಲ್ಟ್ ಇತ್ತಾ, ಯಾರು ನೋಡಿದರು, ಅಷ್ಟೇ. ಯಾರ ತಪ್ಪು ಅಂತ ಬರೆಯುವುದು ಬೇಡ.

ಬೈಕ್ ಅಂತ ಮಾತ್ರ ಬರೆಯಬೇಡಪ್ಪ. ಆಸ್ಪತ್ರೆಯಲ್ಲಿ ಅವನು ಡಾಕ್ಟರಿಗೆ ನಿಜ ಹೇಳಿರಬಹುದು, ಅಲ್ಲೂ ಅದು ದಾಖಲಾಗಿರುತ್ತೆ. ನಾಳೆ ಎರಡನ್ನೂ ಪಕ್ಕದಲ್ಲಿಟ್ಟು ನೋಡಿದರೆ ಸುಳ್ಳಿನ ಕೆಳಗೆ ಇರೋದು ನಿನ್ನ ಸಹಿ, ಅಲ್ವಾ? ಆ ಹೇಳಿದವರ ಸಹಿ ಎಲ್ಲೂ ಇರಲ್ಲ. ನನ್ನ ಪುಸ್ತಕದಲ್ಲೂ ಇರಲಿಲ್ಲ.

ಅವನ ಹತ್ತಿರ ಲೇಬರ್ ಕಾರ್ಡ್ ಇದೆಯಾ ಕೇಳು. ಇದ್ದರೆ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಗೂ ಅರ್ಜಿ ಹಾಕಬಹುದು.

ಇಡೀ ಕಾಗದದಲ್ಲಿ ಆ ಹುಡುಗನ ಹೆಸರು ನೀನು ಹೇಳೇ ಇಲ್ಲ. ಎಕ್ಸ್‌ರೇ ಆಯಿತಾ? ಮನೆಯವರು ಯಾರಾದರೂ ಬಂದಿದ್ದಾರಾ? ಬರಿ.

ನಿನ್ನ ಮಾವ